ಯಾವ ಪರದೇಶಿಗೆ ಬಾಗಿಲು?

ನಮ್ಮ ಕಡೆ ಪರದೇಶಿ ಅನ್ನೋದು ಬೈಗುಳ. ಅಪ್ಪ ಅವ್ವ ಇಲ್ಲದವನು ಪರದೇಶಿ. ಹೊಲ ಮನೆ ಇಲ್ಲದವನು ಪರದೇಶಿ. ಸತ್ತರೆ ಹೊರಲಿಕ್ಕೆ ನಾಲ್ಕು ಮಂದಿ ಇಲ್ಲದವನು ಪರದೇಶಿ. ಆದರೆ ನಿಜವಾಗಿ ಪರದೇಶದಿಂದ ಬಂದು ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವವನನ್ನು ಯಾರೂ ಹಾಗೆ ಕರೆಯುವುದಿಲ್ಲ. ಅವನು ಫಾರಿನರು. ಅವನ ಚೀಲ ಹಿಡಿಯಲು ನಾಲ್ಕು ಕೈ ಮುಂದೆ ಬರುತ್ತವೆ. ಹಾಗಾದರೆ ಪರದೇಶಿ ಅನ್ನುವ ಮಾತಿನ ಅರ್ಥ ಬೇರೆ ದೇಶದವನು ಅಂತ ಅಲ್ಲ, ದಿಕ್ಕಿಲ್ಲದವನು ಅಂತ. ಊರು ಯಾವುದು ಅನ್ನೋದಕ್ಕಿಂತ ಜೇಬು ಎಂಥದು, ತೊಗಲು ಯಾವ ಬಣ್ಣದ್ದು, ಬೆನ್ನ ಹಿಂದೆ ಯಾರಿದ್ದಾರೆ ಅನ್ನೋದೇ ಮುಖ್ಯ. ನಮ್ಮ ಜನರ ಭಾಷೆ ಇದನ್ನು ಎಂದೋ ಅರಿತುಕೊಂಡಿದೆ.

ಮರಿಯಮ್ಮನಹಳ್ಳಿಯ ನಮಗೆ ಈ ಪದ ಬರೀ ನಿಘಂಟಿನದಲ್ಲ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಾಗ ಸುಮಾರು ತೊಂಬತ್ತು ಹಳ್ಳಿಗಳು ಮುಳುಗಿದವು. ಐವತ್ತು ಸಾವಿರಕ್ಕೂ ಮಿಕ್ಕಿ ಜನ ಗಂಟುಮೂಟೆ ಕಟ್ಟಿದರು. ನಾರಾಯಣದೇವರಕೆರೆ ಮುಳುಗಿತು, ಅಲ್ಲಿಯ ಜನ ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತರು. ಇವತ್ತಿಗೂ ಸುತ್ತಲಿನ ಕೇರಿ ತಾಂಡಾಗಳಿಂದ ಜನ ಗುಳೆ ಹೋಗುತ್ತಾರೆ. ಹುಟ್ಟಿದ ನೆಲದಲ್ಲೇ ಪರದೇಶಿಯಾಗುವುದು ಅಂದರೇನು ಅಂತ ನಾವು ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಅದಕ್ಕೇ, ವಿಶ್ವವಿದ್ಯಾಲಯಗಳು ಈಗ ಹೊರದೇಶದ ವಿದ್ಯಾರ್ಥಿಗಳನ್ನು ಕರೆತರುವ ಯೋಜನೆ ಹಾಕುತ್ತಿರುವಾಗ, ಈ ವಿಚಾರವನ್ನು ಕುಲಪತಿಗಳ ಕೋಣೆಗೆ ಬಿಟ್ಟು ಸುಮ್ಮನಿರಲು ನಮಗೆ ಆಗುವುದಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಒಂದು ವಿಶ್ವವಿದ್ಯಾಲಯ ಯಾರ ಋಣದಲ್ಲಿದೆ? ದೂರದವನಿಗೆ ಬಾಗಿಲು ತೆರೆಯುವಾಗ, ಬಾಗಿಲಲ್ಲೇ ನಿಂತವನಿಗೆ ಅದು ಏನು ಹೇಳಬೇಕು?

ಮೊದಲು ಯೋಜನೆ ಏನು ಅಂತ ನೋಡೋಣ. ೨೦೧೮ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ‘ಸ್ಟಡಿ ಇನ್ ಇಂಡಿಯಾ’ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಆಗ ದೇಶದಲ್ಲಿ ಓದುತ್ತಿದ್ದ ಹೊರದೇಶದ ವಿದ್ಯಾರ್ಥಿಗಳು ಐವತ್ತು ಸಾವಿರದ ಒಳಗೆ. ೨೦೨೩ರ ಹೊತ್ತಿಗೆ ಅದನ್ನು ಎರಡು ಲಕ್ಷ ಮಾಡುತ್ತೇವೆ ಅಂದರು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ, ಭಾರತ ಮತ್ತೆ ವಿಶ್ವಗುರು ಆಗಬೇಕು, ಹೊರದೇಶದವರಿರುವ ಪ್ರತಿ ಸಂಸ್ಥೆಯಲ್ಲೂ ಅವರಿಗಾಗಿ ಒಂದು ಕಚೇರಿ ಇರಬೇಕು ಅಂದಿತು. ೨೦೨೨ರಲ್ಲಿ ಯುಜಿಸಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮಂಜೂರಾದ ಸೀಟುಗಳ ಮೇಲೆ ನೂರಕ್ಕೆ ೨೫ರವರೆಗೆ ಹೆಚ್ಚುವರಿ ಸೀಟು ಮಾಡಿಕೊಂಡು ಹೊರದೇಶದವರನ್ನು ಸೇರಿಸಿಕೊಳ್ಳಬಹುದು ಅಂತ ಅಪ್ಪಣೆ ಕೊಟ್ಟಿತು. ಇಷ್ಟೆಲ್ಲ ಆದಮೇಲೂ ೨೦೨೧-೨೨ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಬಂದವರ ಲೆಕ್ಕ ೪೭ ಸಾವಿರದ ಆಚೀಚೆಯೇ ನಿಂತಿತ್ತು. ಅವರಲ್ಲಿ ನೂರಕ್ಕೆ ೨೮ ಮಂದಿ ಪಕ್ಕದ ನೇಪಾಳದವರು. ಇಲ್ಲಿಂದ ಹೊರಗೆ ಓದಲು ಹೋದ ನಮ್ಮ ದೇಶದ ಮಕ್ಕಳಾದರೆ ೨೦೨೪ರ ಹೊತ್ತಿಗೆ ೧೩ ಲಕ್ಷ ದಾಟಿದ್ದರು.

ಕರ್ನಾಟಕಕ್ಕೆ ಇದು ಹೊಸದಲ್ಲ. ೨೦೧೯-೨೦ರ ಸಮೀಕ್ಷೆಯಲ್ಲಿ ಹೊರದೇಶದ ವಿದ್ಯಾರ್ಥಿಗಳು ಎಲ್ಲಕ್ಕಿಂತ ಹೆಚ್ಚು ಇದ್ದ ರಾಜ್ಯ ನಮ್ಮದೇ, ಹತ್ತು ಸಾವಿರಕ್ಕೂ ಮೇಲೆ. ಬೆಂಗಳೂರು, ಮೈಸೂರು, ಮಣಿಪಾಲಗಳಲ್ಲಿ ಅವರು ದಶಕಗಳಿಂದ ಓದುತ್ತಿದ್ದಾರೆ. ಹೊಸದು ಯಾವುದೆಂದರೆ ‘ನೇಮಕಾತಿ’ ಅನ್ನುವ ಬುದ್ಧಿ. ಯಾವ ದೇಶಕ್ಕೆ ಹೋಗಿ ಮೇಳದಲ್ಲಿ ಮಳಿಗೆ ಹಾಕಬೇಕು, ಯಾವ ಏಜೆಂಟನಿಗೆ ತಲೆಗೆ ಎಷ್ಟು ಕಮಿಷನ್ ಕೊಡಬೇಕು, ಎಷ್ಟು ಡಾಲರು ಶುಲ್ಕ ಇಡಬೇಕು ಅನ್ನುವ ಲೆಕ್ಕ. ಮೇಸ್ತ್ರಿಗಳು ಬಂದು ಮುಂಗಡ ಕೊಟ್ಟು ಕೂಲಿಗೆ ಜನ ಹೊಂದಿಸುವುದನ್ನು ನಮ್ಮ ಹಳ್ಳಿಗಳು ನೋಡಿವೆ. ಅಲ್ಲಿ ಕೂಲಿಯ ಬೆವರು ಸರಕು, ಇಲ್ಲಿ ವಿದ್ಯಾರ್ಥಿಯ ಅಪ್ಪನ ದುಡ್ಡು ಸರಕು. ಕಮಿಷನ್ ತಿನ್ನುವವನು ಎರಡೂ ಕಡೆ ಒಬ್ಬನೇ.

ಯಾಕೆ ಕರೆಯುತ್ತಾರೆ? ಕೇಳಿದರೆ ಸಂಸ್ಕೃತಿ ವಿನಿಮಯ ಅಂತಾರೆ, ವಸುಧೈವ ಕುಟುಂಬಕಂ ಅಂತಾರೆ. ಒಳಗಿನ ಕಾರಣ ಎರಡು. ಒಂದು ದುಡ್ಡು. ಸರ್ಕಾರ ಅನುದಾನ ಕಡಿಮೆ ಮಾಡಿ ‘ನಿಮ್ಮ ಸಂಪನ್ಮೂಲ ನೀವೇ ನೋಡ್ಕೊಳ್ರಿ’ ಅಂದ ಮೇಲೆ, ಸ್ಥಳೀಯರಿಗಿಂತ ಹಲವು ಪಟ್ಟು ಶುಲ್ಕ ಕೊಡುವ ಹೊರದೇಶದವನು ಹಾಲು ಕೊಡುವ ಎಮ್ಮೆಯ ಹಾಗೆ ಕಾಣುತ್ತಾನೆ. ಇನ್ನೊಂದು ಅಂಕ. ಲಂಡನ್ನಿನ ಕ್ಯೂಎಸ್ ಪಟ್ಟಿಯಲ್ಲಿ ಹೊರದೇಶದ ವಿದ್ಯಾರ್ಥಿಗಳ ಪ್ರಮಾಣಕ್ಕೆ ನೂರಕ್ಕೆ ೫ ಅಂಕ ಇಟ್ಟಿದ್ದಾರೆ. ನಮ್ಮದೇ ರಾಷ್ಟ್ರೀಯ ರ‍್ಯಾಂಕಿಂಗ್ ಎನ್‌ಐಆರ್‌ಎಫ್ ಈಚಿನ ವರ್ಷಗಳಲ್ಲಿ ಅನುಸರಿಸಿದ ಲೆಕ್ಕ ನೋಡಿ. ಎಲ್ಲರನ್ನೂ ಒಳಗೊಳ್ಳುವಿಕೆ ಅನ್ನುವ ಭಾಗದ ನೂರು ಅಂಕಗಳಲ್ಲಿ, ಹೊರರಾಜ್ಯ ಮತ್ತು ಹೊರದೇಶದಿಂದ ಬಂದವರಿಗಾಗಿ ೩೦, ಆರ್ಥಿಕವಾಗಿ ಸಾಮಾಜಿಕವಾಗಿ ಹಿಂದುಳಿದವರಿಗಾಗಿ ೨೦. ಅಂದರೆ ವಿಶ್ವವಿದ್ಯಾಲಯದ ಕಾಂಪೌಂಡಿನಾಚೆ ಇರುವ ಕೇರಿಯ ಹುಡುಗನನ್ನು ಒಳಗೆ ತಂದರೆ ಸಿಗುವುದಕ್ಕಿಂತ ಹೆಚ್ಚು ಅಂಕ ರಾಜ್ಯದ ಗಡಿಯಾಚೆಯಿಂದ ಒಬ್ಬನನ್ನು ತಂದವರಿಗೆ ಕಾದಿದೆ. ಒಳಗೊಳ್ಳುವುದು ಅಂದರೆ ದೂರದವರನ್ನು ತರುವುದು ಅಂತ ಯಾರು ತೀರ್ಮಾನಿಸಿದರು? ತೂಕದ ಕಲ್ಲೇ ಹೀಗಿದ್ದ ಮೇಲೆ ತಕ್ಕಡಿ ಎತ್ತ ವಾಲುತ್ತದೆ ಅನ್ನುವುದನ್ನು ಹೇಳಬೇಕಾಗಿಲ್ಲ.

‘ಹೆಚ್ಚುವರಿ ಸೀಟು ತಾನೆ, ನಿಮ್ಮ ಸೀಟು ಯಾರು ಕಿತ್ಕೊಂಡ್ರು?’ ಅಂತ ಕೇಳುವವರಿದ್ದಾರೆ. ಈ ವಾದವನ್ನು ನಾವು ತಳ್ಳಿಹಾಕದೆ ಪರೀಕ್ಷೆ ಮಾಡಬೇಕು. ಕಾಗದದ ಮೇಲೆ ಅದು ನಿಜ. ಮಂಜೂರಾದ ನೂರು ಸೀಟು ನೂರಾಗಿಯೇ ಇರುತ್ತದೆ, ಅದರೊಳಗಿನ ಮೀಸಲಾತಿಯೂ ಹಾಗೇ ಇರುತ್ತದೆ. ಹೊರದೇಶದ ಇಪ್ಪತ್ತೈದು ಅದರ ಮೇಲೆ ಬರುತ್ತದೆ, ಆ ಇಪ್ಪತ್ತೈದಕ್ಕೆ ಮೀಸಲಾತಿ ಇಲ್ಲ. ಆದರೆ ಸೀಟು ಹೆಚ್ಚಾದ ಕೂಡಲೇ ಕೋಣೆ ಹೆಚ್ಚಾಗುತ್ತದೆಯೆ? ಪ್ರಯೋಗಶಾಲೆಯ ಮೇಜು ಉದ್ದವಾಗುತ್ತದೆಯೆ? ಮೇಷ್ಟರ ದಿನಕ್ಕೆ ಇಪ್ಪತ್ತೈದನೆಯ ತಾಸು ಬರುತ್ತದೆಯೆ? ಪಿಎಚ್‌.ಡಿ.ಯದನ್ನೇ ನೋಡಿ. ೨೦೨೨ರ ಯುಜಿಸಿ ನಿಯಮದಂತೆ ಪ್ರಾಧ್ಯಾಪಕರು ಎಂಟು ಮಂದಿಗೆ, ಸಹ ಪ್ರಾಧ್ಯಾಪಕರು ಆರು ಮಂದಿಗೆ, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗೆ ಮಾರ್ಗದರ್ಶನ ಮಾಡಬಹುದು. ಅದರ ಮೇಲೆ ಹೊರದೇಶದವರು ಇಬ್ಬರನ್ನು ತೆಗೆದುಕೊಳ್ಳಬಹುದು. ನಾಲ್ಕು ಮಂದಿಗೆ ಸಿಗುತ್ತಿದ್ದ ಮೇಷ್ಟರು ಆರು ಮಂದಿಗೆ ಹಂಚಿಹೋಗುತ್ತಾರೆ. ಮಂಜೂರಾದ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದು, ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ವಿಭಾಗ ನಡೆಯುವ ಕಡೆ ಈ ಹಂಚಿಕೆ ಯಾರ ತಟ್ಟೆಯಿಂದ ಹೋಗುತ್ತದೆ? ಮನೆಯಲ್ಲಿ ಅಕ್ಷರ ಹೇಳಿಕೊಡುವವರು ಇಲ್ಲದೆ, ಮೇಷ್ಟರೊಬ್ಬರನ್ನೇ ನೆಚ್ಚಿ ಬಂದವನ ತಟ್ಟೆಯಿಂದ. ಇಂಗ್ಲಿಷ್ ಬಲ್ಲ ಅಪ್ಪ, ಡಾಕ್ಟರಾದ ಮಾವ ಇದ್ದವನಿಗೆ ಮೇಷ್ಟರ ಒಂದು ತಾಸು ಕಡಿಮೆಯಾದರೆ ನಷ್ಟವಿಲ್ಲ.

ಈ ಬಗೆಯ ‘ಹೆಚ್ಚುವರಿ’ ಕರ್ನಾಟಕ ಹಿಂದೆಯೂ ನೋಡಿದೆ. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳು ಕ್ಯಾಪಿಟೇಷನ್ ಹೆಸರಲ್ಲಿ ಸೀಟು ಹರಾಜಿಗಿಟ್ಟಾಗ ೧೯೮೪ರಲ್ಲಿ ಅದನ್ನು ತಡೆಯುವ ಕಾನೂನು ಬಂತು. ೧೯೯೨ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಷನ್ ವಸೂಲಿ ಸಂವಿಧಾನಕ್ಕೆ ವಿರುದ್ಧ ಅಂದಿತು. ಆಮೇಲೆ ಎನ್‌ಆರ್‌ಐ ಕೋಟಾ ಅನ್ನುವ ಹಿಂಬಾಗಿಲು ತೆರೆಯಿತು. ದುಡ್ಡು ಒಂದು ಬಾಗಿಲಿನಿಂದ ಹೊರಗೆ ಹಾಕಿದರೆ ಇನ್ನೊಂದರಿಂದ ಬರುತ್ತದೆ, ಬರುವಾಗ ಒಳ್ಳೆಯ ಹೆಸರು ಹೊದ್ದುಕೊಂಡು ಬರುತ್ತದೆ.

ಈಗ ನಮ್ಮ ನೆರೆಯ ವಿಶ್ವವಿದ್ಯಾಲಯದ ಮಾತಿಗೆ ಬರೋಣ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ೧೯೯೧ರಲ್ಲಿ ಹುಟ್ಟಿತು. ಚಂದ್ರಶೇಖರ ಕಂಬಾರರು ಅದರ ಮೊದಲ ಕುಲಪತಿ. ಕಮಲಾಪುರದ ಬಳಿ ಕಲ್ಲುಗುಡ್ಡಗಳ ನಡುವೆ ಎದ್ದ ಈ ಸಂಸ್ಥೆ ಸಂಶೋಧನೆಗೆಂದೇ ಕಟ್ಟಿದ್ದು. ಕನ್ನಡದಲ್ಲೇ ಜ್ಞಾನ ಹುಟ್ಟಬೇಕು ಅನ್ನುವುದು ಅದರ ಛಲ. ನಮ್ಮ ಭಾಗದ ಕೇರಿಗಳಿಂದ, ಹಟ್ಟಿ ತಾಂಡಾಗಳಿಂದ ಹೋಗಿ ಅಲ್ಲಿ ಡಾಕ್ಟರೇಟು ಪಡೆದವರಿದ್ದಾರೆ. ಅವರ ಅಪ್ಪ ಅವ್ವ ಹೆಬ್ಬೆಟ್ಟು ಒತ್ತಿದವರು. ತಮ್ಮ ಕುಲದ ಹಾಡು, ತಮ್ಮ ಕಸುಬಿನ ಮಾತು, ತಮ್ಮ ದೇವರ ಕತೆ ಪ್ರಬಂಧವಾಗಬಹುದು ಅಂತ ಅಲ್ಲಿ ಮೊದಲ ಸಲ ಅವರಿಗೆ ತಿಳಿಯಿತು. ಇದು ಸಣ್ಣ ಮಾತಲ್ಲ.

ಇಂಥ ವಿಶ್ವವಿದ್ಯಾಲಯದ ಗತಿ ಏನಾಯಿತು? ೨೦೨೦-೨೧ರ ಹೊತ್ತಿಗೆ ಅನುದಾನ ಕಡಿತವಾಗಿ, ದಲಿತ, ಆದಿವಾಸಿ ಸಂಶೋಧನಾ ವಿದ್ಯಾರ್ಥಿಗಳ ಶಿಷ್ಯವೇತನ ತಿಂಗಳುಗಟ್ಟಲೆ ನಿಂತಿತು. ವಿದ್ಯಾರ್ಥಿಗಳು ಬೀದಿಗೆ ಬಂದರು, ನಾಡಿನ ಸಾಹಿತಿಗಳು ದನಿಗೂಡಿಸಿದರು, ಕನ್ನಡ ವಿಶ್ವವಿದ್ಯಾಲಯ ಉಳಿಸಿ ಅನ್ನುವ ಕೂಗು ಎದ್ದಿತು. ಶಿಷ್ಯವೇತನ ಅಂದರೆ ಓದುವವನ ಕೈಖರ್ಚು ಅಂತ ತಿಳಿದವರಿಗೆ ಇದು ಅರ್ಥವಾಗುವುದಿಲ್ಲ. ಅದರಲ್ಲಿ ಊರಿನ ರೇಷನ್ನೂ ಐತೆ, ತಂಗಿಯ ಫೀಸೂ ಐತೆ, ಅವ್ವನ ಬಿಪಿ ಮಾತ್ರೆಯೂ ಐತೆ. ಅದು ನಿಂತರೆ ಪ್ರಬಂಧದ ಎರಡನೇ ಅಧ್ಯಾಯ ನಿಲ್ಲುತ್ತದೆ, ಹುಡುಗ ಕೂಲಿಗೆ ಹೋಗುತ್ತಾನೆ.

ಹೀಗಿರುವಾಗ ಇಂಥ ಸಂಸ್ಥೆಗಳು ನಾಳೆ ಹೊರದೇಶದವರನ್ನು ಕರೆಯುವ ಯೋಜನೆ ಹಾಕಿದರೆ ನಾವು ಏನನ್ನಬೇಕು? ‘ನಮ್ಮೋರಿಗೇ ಗತಿ ಇಲ್ಲ, ಹೊರಗಿನೋರು ಯಾಕೆ? ಹೊರಗೆ ಹಾಕ್ರಿ’ ಅನ್ನೋಣವೆ? ಈ ಮಾತು ಬಾಯಿಗೆ ಸುಲಭವಾಗಿ ಬರುತ್ತದೆ, ಚಪ್ಪಾಳೆಯೂ ಸಿಗುತ್ತದೆ. ಆದರೆ ಗೆಳೆಯರೇ, ಇದು ನಮ್ಮ ಮಾತಲ್ಲ. ‘ನಮ್ಮೋರು’, ‘ಹೊರಗಿನೋರು’ ಅನ್ನುವ ಈ ಗೆರೆಯಿಂದಲೇ ಊರಾಚೆ ಕೇರಿ ಹುಟ್ಟಿದ್ದು. ಬಾವಿ ನಮ್ಮೋರದು, ಗುಡಿ ನಮ್ಮೋರದು, ಅಕ್ಷರ ನಮ್ಮೋರದು ಅಂದವರ ಬಾಯಿಂದ ಇಳಿದ ಮಾತನ್ನು ನಾವು ಎತ್ತಿಕೊಂಡರೆ ಇಷ್ಟು ವರ್ಷ ಹೋರಾಡಿದ್ದು ಯಾತಕ್ಕೆ?

೨೦೧೬ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ಏನಾಯಿತು ನೆನೆಯಿರಿ. ಸುಡಾನಿನ ಒಬ್ಬ ವಿದ್ಯಾರ್ಥಿಯ ಕಾರು ಹಾಯ್ದು ಹೆಣ್ಣುಮಗಳೊಬ್ಬಳು ಸತ್ತಳು. ಆಮೇಲೆ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಯಾರೋ ಒಬ್ಬ ತಪ್ಪು ಮಾಡಿದ್ದಕ್ಕೆ ಆ ಬಣ್ಣದವರೆಲ್ಲರೂ ಹೊಣೆ. ಇದು ನಮಗೆ ಗೊತ್ತಿಲ್ಲದ ನ್ಯಾಯವೆ? ಮೇಲ್ಜಾತಿಯ ಹುಡುಗಿಯ ಜೊತೆ ಕೇರಿಯ ಹುಡುಗ ಮಾತಾಡಿದ್ದಕ್ಕೆ ಇಡೀ ಕೇರಿ ಸುಡುವ ನ್ಯಾಯ ಇದೇ ಅಲ್ಲವೆ? ಉತ್ತರ ಕನ್ನಡದ ಕಾಡಿನ ಸಿದ್ದಿಗಳನ್ನು ಕೇಳಿ. ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದು ಶತಮಾನಗಳೇ ಆದವು. ಮನೆಮಾತು ಕೊಂಕಣಿ, ಕನ್ನಡ. ೨೦೦೩ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಆದರೂ ಪಟ್ಟಣಕ್ಕೆ ಬಂದರೆ ಅವರಿಗೆ ‘ಯಾವ ದೇಶ?’ ಅನ್ನುವ ಪ್ರಶ್ನೆ ತಪ್ಪುವುದಿಲ್ಲ. ಬಿಳಿಯನಿಗೆ ಬಾಡಿಗೆ ಮನೆ ತೋರಿಸಲು ಓಡುವವನು ಕರಿಯನಿಗೆ ‘ಖಾಲಿ ಇಲ್ಲ’ ಅನ್ನುತ್ತಾನೆ. ನಮಗೆ ‘ನಿಮ್ದು ಯಾವ ಮಂದಿ?’ ಅಂತ ಕೇಳಿ, ಆಮೇಲೆ ‘ಖಾಲಿ ಇಲ್ಲ’ ಅನ್ನುತ್ತಾನೆ. ಇಬ್ಬರಿಗೂ ಮುಚ್ಚಿದ್ದು ಒಂದೇ ಕದ.

ನಮ್ಮವರೊಬ್ಬರು ಹೊರದೇಶದ ವಿದ್ಯಾರ್ಥಿಯಾಗಿದ್ದರು ಅನ್ನುವುದನ್ನೂ ಮರೆಯಬಾರದು. ೧೯೧೩ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ ಬಾಬಾಸಾಹೇಬ್ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರಿಗೆ ಕೋಣೆ ಸಿಕ್ಕಿತು, ಊಟದ ಮೇಜು ಸಿಕ್ಕಿತು, ಗ್ರಂಥಾಲಯ ಸಿಕ್ಕಿತು, ಜಾನ್ ಡ್ಯೂಯಿಯಂಥ ಮೇಷ್ಟರು ಸಿಕ್ಕರು. ೧೯೧೭ರಲ್ಲಿ ಓದಿಸಿದ ಋಣ ತೀರಿಸಲು ಬರೋಡಕ್ಕೆ ನೌಕರಿಗೆ ಬಂದಾಗ ಆ ಊರಿನಲ್ಲಿ ತಲೆ ಇಡಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಗುರುತು ಮರೆಸಿ ಇದ್ದರು. ಗೊತ್ತಾದ ಮೇಲೆ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಈ ಅನುಭವ ಇರುವ ಅವರ ಬರಹದ ಹೆಸರೇ ‘ವೇಟಿಂಗ್ ಫಾರ್ ಎ ವೀಸಾ’. ಹೊರದೇಶಕ್ಕೆ ಹೋಗಲು ಬೇಕಾದ ಕಾಗದ ಅವರಿಗೆ ಸ್ವದೇಶದಲ್ಲಿ ಬೇಕಾಯಿತು. ದೂರದ ವಿಶ್ವವಿದ್ಯಾಲಯವೊಂದು ಪರದೇಶಿಗೆ ಬಾಗಿಲು ತೆರೆದದ್ದರಿಂದ ನಮಗೆ ಸಂವಿಧಾನ ಬರೆಯುವ ಕೈ ಸಿಕ್ಕಿತು. ಹಾಗಿರುವಾಗ ಬೇರೆ ದೇಶದ ಬಡವನಿಗೆ ನಮ್ಮ ಬಾಗಿಲು ಮುಚ್ಚಿರಲಿ ಅನ್ನುವ ಹಕ್ಕು ನಮಗೆಲ್ಲಿದೆ?

ಆದರೆ ಅದೇ ಚರಿತ್ರೆ ಇನ್ನೊಂದನ್ನೂ ಹೇಳುತ್ತದೆ. ಅಂಬೇಡ್ಕರ್ ಹೋದದ್ದು ಶುಲ್ಕ ಕೊಡುವ ಗಿರಾಕಿಯಾಗಿ ಅಲ್ಲ. ಅವರ ಹಿಂದೆ ಒಂದು ವಿದ್ಯಾರ್ಥಿವೇತನ ಇತ್ತು. ಬಡವನನ್ನು ಓದಿಸುವುದು ರಾಜ್ಯದ ಕರ್ತವ್ಯ ಅಂತ ತಿಳಿದ ಒಬ್ಬ ದೊರೆ ಇದ್ದ. ಇವತ್ತು ಪರಿಶಿಷ್ಟರ ಮಕ್ಕಳು ಹೊರದೇಶಕ್ಕೆ ಹೋಗಲು ಇರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಈಚಿನ ವರ್ಷಗಳಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ ನೂರಿಪ್ಪತ್ತೈದು. ೨೦೨೨ರಲ್ಲಿ ಅದರ ನಿಯಮ ತಿದ್ದಿ, ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಸಮಾಜದ ಮೇಲೆ ಸಂಶೋಧನೆ ಮಾಡುವವರಿಗೆ ಅದು ಇಲ್ಲ ಅಂದರು. ಹೊರಗಿನಿಂದ ಬಂದು ನಮ್ಮ ಸಂಸ್ಕೃತಿ ಕಲಿಯಿರಿ ಅಂತ ಕರೆಯುವ ಸರ್ಕಾರವೇ, ಹೊರಗೆ ಹೋಗಿ ಜಾತಿಯ ವಿಚಾರ ಬಿಚ್ಚಬೇಡಿ ಅಂತ ನಮ್ಮ ಮಕ್ಕಳ ಕೈ ಹಿಡಿಯುತ್ತದೆ. ಮುಚ್ಚಿದರೆ ಮುಚ್ಚುವ ಗಾಯವೆ ಅದು? ಜಾತಿ ವಿಮಾನ ಹತ್ತಿ ಹೋಗಿದೆ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ ೨೦೧೯ರಲ್ಲಿ ಜಾತಿ ತಾರತಮ್ಯಕ್ಕೆ ನಿಷೇಧ ಹಾಕಿತು, ೨೦೨೩ರಲ್ಲಿ ಸಿಯಾಟಲ್ ನಗರವೇ ಹಾಕಿತು.

ವಿಶ್ವಗುರು ಅನ್ನುವ ಮಾತು ಬಂದಾಗಲೆಲ್ಲ ನಮಗೆ ಏಕಲವ್ಯ ನೆನಪಾಗುತ್ತಾನೆ. ನಮ್ಮ ದೇಶದ ಗುರುವಿನ ಚರಿತ್ರೆಯಲ್ಲಿ ಹೆಬ್ಬೆರಳು ಕೇಳಿದ ಅಧ್ಯಾಯವೂ ಇದೆ. ವಿಶ್ವಕ್ಕೆ ಗುರುವಾಗುವ ಮುನ್ನ ಕೇರಿಗೆ ಗುರುವಾಗಿದ್ದೀರಾ ಅಂತ ಕೇಳುವುದು ಅಸೂಯೆ ಅಲ್ಲ, ಲೆಕ್ಕ.

ಈ ಯೋಜನೆಯವರು ಮಾತೆತ್ತಿದರೆ ನಳಂದದ ಹೆಸರು ಹೇಳುತ್ತಾರೆ. ಹೇಳಲಿ, ನಳಂದ ಬೌದ್ಧರದು, ನಮಗೂ ಅದರ ಮೇಲೆ ಅಭಿಮಾನ ಇದೆ. ಏಳನೆಯ ಶತಮಾನದಲ್ಲಿ ಚೀನಾದಿಂದ ಹ್ಯುಯೆನ್‌ತ್ಸಾಂಗ್ ಬಂದು ಅಲ್ಲಿ ಕಲಿತ, ಇತ್ಸಿಂಗ್ ಬಂದು ವರ್ಷಗಟ್ಟಲೆ ಇದ್ದ. ಯಾರೂ ಅವರ ಹತ್ತಿರ ಡಾಲರು ಕೇಳಲಿಲ್ಲ. ಹಾಗಾದರೆ ಖರ್ಚು ಯಾರದು? ಆ ಯಾತ್ರಿಕರ ಬರಹಗಳೇ ಹೇಳುತ್ತವೆ: ಸುತ್ತಲಿನ ನೂರು, ಇನ್ನೂರು ಹಳ್ಳಿಗಳ ಕಂದಾಯ. ಅಕ್ಕಿ, ಬೆಣ್ಣೆ, ಹಾಲು ದಿನವೂ ಗಾಡಿಯಲ್ಲಿ ಆ ಹಳ್ಳಿಗಳಿಂದ ಬರುತ್ತಿತ್ತು. ಬಂದ ಯಾತ್ರಿಕನ ಹೆಸರು ಚರಿತ್ರೆಯಲ್ಲಿ ಉಳಿಯಿತು, ಅಕ್ಕಿ ಬೆಳೆದವನ ಹೆಸರು ಉಳಿಯಲಿಲ್ಲ. ವಿದ್ಯೆ ಎಂದೂ ಪುಕ್ಕಟೆ ಆಗಿರಲಿಲ್ಲ. ಯಾರೋ ಬೆವರು ಹರಿಸಿದ್ದಕ್ಕೆ ಯಾರೋ ಗ್ರಂಥ ಬಿಚ್ಚಿದರು.

ಇವತ್ತೂ ಹಾಗೇ. ವಿಶ್ವವಿದ್ಯಾಲಯದ ಒಂದೊಂದು ಇಟ್ಟಿಗೆಯೂ ತೆರಿಗೆಯಿಂದ ಬಂದದ್ದು. ಬೆಂಕಿಪೊಟ್ಟಣ ಕೊಳ್ಳುವ ಕೂಲಿ ಹೆಂಗಸೂ ಆ ತೆರಿಗೆ ಕಟ್ಟುತ್ತಾಳೆ. ಸಂಡೂರಿನ ಗುಡ್ಡ ಅಗೆದು ಅದಿರು ಹೊರಗೆ ಹೋಯಿತು, ಹಡಗು ಹತ್ತಿ ಚೀನಾ ಮುಟ್ಟಿತು. ಕೆಂಪು ಧೂಳು ಮಾತ್ರ ನಮ್ಮ ಎದೆಯೊಳಗೆ ಉಳಿಯಿತು. ಹೀಗಾಗಿ ಈ ಭಾಗದ ವಿಶ್ವವಿದ್ಯಾಲಯ ಈ ಜನರಿಗೆ ಕೊಡುವುದು ದಾನವಲ್ಲ, ಬಾಕಿ. ಇಲ್ಲಿಯೇ ನಾವು ಎರಡು ಮಾತನ್ನು ಬೇರೆ ಮಾಡಿಕೊಳ್ಳಬೇಕು. ಒಂದು ಋಣ, ಇನ್ನೊಂದು ಅತಿಥಿಸತ್ಕಾರ. ಎರಡೂ ಒಳ್ಳೆಯದು, ಎರಡೂ ಬೇಕು. ಆದರೆ ಸಾಲ ತೀರಿಸದೆ ನೆಂಟರಿಗೆ ಹೋಳಿಗೆ ಮಾಡುವವನನ್ನು ಯಾವ ಊರೂ ಉದಾರಿ ಅನ್ನುವುದಿಲ್ಲ. ಸಾಲ ಇದೆ ಅಂತ ಬಾಗಿಲಿಗೆ ಬಂದವನಿಗೆ ನೀರು ಕೊಡದವನನ್ನೂ ಮನುಷ್ಯ ಅನ್ನುವುದಿಲ್ಲ. ಅತಿಥಿಯನ್ನು ತೋರಿಸಿ ಸಾಲ ಮುಂದೂಡಬಾರದು, ಸಾಲ ತೋರಿಸಿ ಅತಿಥಿಯನ್ನು ಅಟ್ಟಬಾರದು.

ಹಂಪಿ ಈ ಎರಡನ್ನೂ ಕಲಸಿಬಿಟ್ಟ ಊರು. ೧೪೪೩ರಲ್ಲಿ ಅಬ್ದುಲ್ ರಜಾಕ್ ಬಂದ, ಕೃಷ್ಣದೇವರಾಯನ ಕಾಲಕ್ಕೆ ಪೋರ್ಚುಗೀಸ್ ಪಾಯೆಸ್ ಬಂದ. ನೋಡಿ ಬೆರಗಾಗಿ ಬರೆದರು. ೧೯೮೬ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಿಶ್ವದ ಆಸ್ತಿ ಆದ ಮೇಲೆ ಅಲ್ಲಿ ಬದುಕಿದ್ದ ಜನ ಅಡ್ಡಿಯಾದರು. ೨೦೧೧ರ ಜುಲೈನಲ್ಲಿ ಹಂಪಿ ಬಜಾರಿನ ಮನೆ ಅಂಗಡಿಗಳ ಮೇಲೆ ಜೆಸಿಬಿ ಹರಿಯಿತು. ೨೦೨೦ರಲ್ಲಿ ಹೊಳೆಯಾಚೆ ವಿರೂಪಾಪುರಗಡ್ಡೆ ನೆಲಸಮವಾಯಿತು. ಸ್ಮಾರಕ ಉಳಿಯಬೇಕು ಅನ್ನುವುದಕ್ಕೆ ನಮ್ಮ ತಕರಾರಿಲ್ಲ. ನೋಡಲು ಬರುವವನಿಗೆ ಚೆಂದ ಕಾಣಲಿ ಅಂತ, ಅವನಿಗೆ ಇಷ್ಟು ವರ್ಷ ಇಡ್ಲಿ ಬೇಯಿಸಿ ಕೊಟ್ಟವಳನ್ನು ಎತ್ತಿ ಬಿಸಾಡುವುದಕ್ಕೆ ನಮ್ಮ ತಕರಾರು. ವಿದ್ಯಾರ್ಥಿ ನೇಮಕಾತಿಯ ಯೋಜನೆಯಲ್ಲೂ ಇದೇ ಕಣ್ಣು ಇದ್ದರೆ ಆಶ್ಚರ್ಯವಿಲ್ಲ. ‘ಇಂಟರ್‌ನ್ಯಾಷನಲ್ ಹಾಸ್ಟೆಲ್’ಗೆ ಏಸಿ ಬರುತ್ತದೆ. ಪಕ್ಕದ ಹಾಸ್ಟೆಲಿನಲ್ಲಿ ಒಂದು ಕೋಣೆಯಲ್ಲಿ ಎಂಟು ಟ್ರಂಕು ಪೇರಿಸಿಟ್ಟುಕೊಂಡು ನಮ್ಮ ಹುಡುಗರು ಓದುತ್ತಿರುತ್ತಾರೆ.

ಇದಕ್ಕೆ ಬದಲಾದ ದಾರಿಯೂ ಕರ್ನಾಟಕದಲ್ಲೇ ಇದೆ. ೧೯೬೦ರ ಸುಮಾರಿಗೆ ಟಿಬೆಟ್ಟಿನಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದವರಿಗೆ ಬೈಲುಕುಪ್ಪೆಯಲ್ಲಿ, ಆಮೇಲೆ ಮುಂಡಗೋಡಿನಲ್ಲಿ ಈ ರಾಜ್ಯ ನೆಲ ಕೊಟ್ಟಿತು. ಸರ್ಕಾರ ಆಗ ಅವರಲ್ಲಿ ರ‍್ಯಾಂಕು ಕೇಳಲಿಲ್ಲ, ಡಾಲರು ಕೇಳಲಿಲ್ಲ. ಅಲ್ಲಿ ಎದ್ದ ಸೆರಾ, ಡ್ರೆಪುಂಗ್ ವಿದ್ಯಾಪೀಠಗಳಿಗೆ ಇಂದು ಜಗತ್ತಿನ ಎಲ್ಲ ಮೂಲೆಗಳಿಂದ ಕಲಿಯುವವರು ಬರುತ್ತಾರೆ. ೧೯೫೦ರಲ್ಲಿ ಹುಟ್ಟಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಆಗಷ್ಟೇ ಬಿಡುಗಡೆ ಪಡೆಯುತ್ತಿದ್ದ ಆಫ್ರಿಕಾ, ಏಷ್ಯಾದ ದೇಶಗಳ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆಸಿತು. ಆಗ ಅವರು ಗಿರಾಕಿಗಳಲ್ಲ, ಒಂದೇ ನೊಗ ಹೊತ್ತು ಬಂದವರು. ಆ ದಿನಗಳಲ್ಲಿ ಎಲ್ಲವೂ ಸರಿ ಇತ್ತು ಅಂತ ನಾವು ಹೇಳುವುದಿಲ್ಲ. ಕರೆಯುವ ದನಿಯಲ್ಲಿ ವ್ಯಾಪಾರ ಇರಲಿಲ್ಲ ಅಂತ ಮಾತ್ರ ಹೇಳುತ್ತೇವೆ. ಈಗಿನ ‘ಸ್ಟಡಿ ಇನ್ ಇಂಡಿಯಾ’ ಶುರುವಾದಾಗಲೂ ಶುಲ್ಕ ವಿನಾಯಿತಿ ಇತ್ತು, ಆದರೆ ಅದು ಅಂಕದ ಆಧಾರದ ಮೇಲೆ, ಹಸಿವಿನ ಆಧಾರದ ಮೇಲಲ್ಲ. ನೇಪಾಳದ ದಲಿತ ಹುಡುಗಿಗೂ ಕಾಠ್ಮಂಡುವಿನ ಸಾಹುಕಾರನ ಮಗನಿಗೂ ಒಂದೇ ಗೆರೆ.

ಹಾಗಾದರೆ ಎಂಥ ಯೋಜನೆಯನ್ನು ನಾವು ಒಪ್ಪಬಹುದು? ಬರೀ ಬೇಡ ಅನ್ನುವುದು ನಮ್ಮ ಕೆಲಸವಲ್ಲ. ಶಿಷ್ಯವೇತನದ ಬಾಕಿಗೆ ದುಡ್ಡಿಲ್ಲ ಅನ್ನುವ ಸಂಸ್ಥೆ ಹೊರದೇಶದ ಮೇಳದ ಮಳಿಗೆಗೆ ದುಡ್ಡು ತೆಗೆಯಬಾರದು. ಎರಡೂ ಒಂದೇ ಬಜೆಟ್ಟಿನಲ್ಲಿ, ಒಂದೇ ಪುಟದಲ್ಲಿ, ಜನಕ್ಕೆ ಕಾಣುವಂತೆ ಇರಲಿ. ಕಮಿಷನ್ ಏಜೆಂಟರು ಬೇಡ. ಉಳ್ಳವರಿಂದ ಬರುವ ಹೆಚ್ಚಿನ ಶುಲ್ಕದಲ್ಲಿ ಇಂತಿಷ್ಟು ಪಾಲು ಈ ನೆಲದ ಬಡ ವಿದ್ಯಾರ್ಥಿಗೆ, ಇಂತಿಷ್ಟು ಪಾಲು ಬೇರೆ ದೇಶದ ಬಡ ವಿದ್ಯಾರ್ಥಿಗೆ ಅಂತ ಆದೇಶದಲ್ಲೇ ಬರೆಯಲಿ. ಹಾಸ್ಟೆಲು ಬೇರೆ ಬೇರೆ ಬೇಡ, ಒಂದೇ ಇರಲಿ. ಕೊಪ್ಪಳದ ಹುಡುಗನೂ ಕಾಂಗೋದ ಹುಡುಗನೂ ಒಂದೇ ಕೋಣೆಯಲ್ಲಿ ಬೆಳೆಯಲಿ, ಜಾತಿ ಮತ್ತು ವರ್ಣ ಎರಡರ ದೂರನ್ನೂ ಕೇಳುವ ಸಮಿತಿ ಅಲ್ಲಿರಲಿ. ಹೊರದೇಶದವನಿಗೆ ಕೊಡುವ ಮಾರ್ಗದರ್ಶಕರ ತಾಸು ಖಾಲಿ ಹುದ್ದೆ ತುಂಬಿದ್ದರಿಂದ ಬರಲಿ, ನಮ್ಮವನ ತಾಸು ಕದ್ದದ್ದರಿಂದ ಬರಬಾರದು.

ಮತ್ತೊಂದು ಮಾತು ಕಲಿಕೆಯದು. ಹಂಪಿಯ ಕಡೆಗೆ ಕಲಿಯಲು ಬರುವವನಿಗೆ ನಾವು ಏನು ಕಲಿಸುತ್ತೇವೆ? ಇಂಗ್ಲಿಷಿನಲ್ಲಿ ಮ್ಯಾನೇಜ್‌ಮೆಂಟ್ ಕಲಿಸಲು ಅವನು ಇಷ್ಟು ದೂರ ಬರಬೇಕೆ? ಮೊದಲ ವರ್ಷ ಅವನು ಕನ್ನಡ ಕಲಿಯಲಿ. ಜರ್ಮನಿಯಿಂದ ಬಂದ ಕಿಟೆಲ್ ಕನ್ನಡ ಕಲಿತೇ ೧೮೯೪ರಲ್ಲಿ ನಿಘಂಟು ಅಚ್ಚು ಮಾಡಿಸಿದ. ಮರಿಯಮ್ಮನಹಳ್ಳಿಗೆ ಬರಲಿ. ಇದು ರಂಗಭೂಮಿಯ ಊರು, ಇಲ್ಲಿಯ ಕಲಾವಿದೆಯರು ನಾಡೆಲ್ಲ ನಾಟಕ ಆಡಿದ್ದಾರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿ, ಮನೆಯಿಂದ ಹೊರದೂಡಿಸಿಕೊಂಡು, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತು, ಈ ಊರಲ್ಲಿ ಬದುಕು ಕಟ್ಟಿದ ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ೨೦೨೧ರಲ್ಲಿ ಪದ್ಮಶ್ರೀ ಪಡೆದರು. ಯಾವ ವಿಶ್ವವಿದ್ಯಾಲಯ ಅವರಿಗೆ ಪಾಠ ಹೇಳಿತ್ತು? ಪರದೇಶಿ ಅಂತ ಊರು ಬೈದವರೇ ಪರದೇಶದವನಿಗೆ ಮೇಷ್ಟರಾಗಬಲ್ಲರು. ಆದರೆ ಮೇಷ್ಟರು ಅಂದ ಮೇಲೆ ಮೇಷ್ಟರ ಸಂಬಳ, ಮೇಷ್ಟರ ಕುರ್ಚಿ ಕೊಡಬೇಕು. ಅತಿಥಿಗೆ ತೋರಿಸಲು ಒಂದು ದಿನ ಕುಣಿಸಿ ಶಾಲು ಹೊದಿಸಿ ಕಳಿಸುವುದಲ್ಲ.

ಹಳ್ಳಿಯ ಮೇಷ್ಟರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮ ವಿಶ್ವವಿದ್ಯಾಲಯದಲ್ಲಿ ಇಂಥ ಯೋಜನೆ ಬಂದಾಗ ಬಾವುಟ ಹಿಡಿಯುವ ಮೊದಲು ಮಾಹಿತಿ ಹಕ್ಕಿನ ಒಂದು ಅರ್ಜಿ ಹಿಡಿಯಿರಿ. ಕೇಳಬೇಕಾದ್ದು ಹೆಚ್ಚಿಲ್ಲ. ಶಿಷ್ಯವೇತನದ ಬಾಕಿ ಎಷ್ಟು ಮಂದಿಗೆ, ಎಷ್ಟು ತಿಂಗಳದು? ಖಾಲಿ ಹುದ್ದೆ ಎಷ್ಟು? ಹಾಸ್ಟೆಲಿನ ಒಂದು ಕೋಣೆಯಲ್ಲಿ ಎಷ್ಟು ಮಂದಿ? ಓದು ಅರ್ಧಕ್ಕೆ ಬಿಟ್ಟ ದಲಿತ, ಆದಿವಾಸಿ ಮಕ್ಕಳು ಎಷ್ಟು? ಹೊರದೇಶದಿಂದ ಬಂದವರಲ್ಲಿ ಬಡವರು ಎಷ್ಟು, ಅವರ ಮೇಲೆ ನಡೆದ ದೌರ್ಜನ್ಯದ ದೂರು ಎಷ್ಟು, ತೀರ್ಮಾನ ಆದದ್ದು ಎಷ್ಟು? ಉತ್ತರ ಬಂದ ಮೇಲೆ ಅದನ್ನು ಕನ್ನಡದಲ್ಲಿ ಬರೆದು ಹಾಸ್ಟೆಲಿನ ಗೋಡೆಗೆ ಅಂಟಿಸಿ. ಇಂಗ್ಲಿಷಿನಲ್ಲೂ ಒಂದು ಪ್ರತಿ ಅಂಟಿಸಿ, ಹೊರದೇಶದಿಂದ ಬಂದ ಗೆಳೆಯನೂ ಓದಲಿ. ಅವನೂ ದುಡ್ಡು ಕೊಟ್ಟು ಮೋಸ ಹೋದವನಾಗಿರಬಹುದು. ಓದಿದ ಮೇಲೆ ನಮ್ಮ ಜೊತೆ ಧರಣಿಗೆ ಕೂರಲು ಅವನೂ ಬಂದರೆ, ಜಾಗ ಬಿಡಿ.